ಒಂದು ಸಹಿಗಾಗಿ ಸಿಂಗಾಪುರ

ಸಿಂಗಾಪುರದಲ್ಲಿ ಏನೇನು ನೋಡಿದೆ ಎಂದು ಕೇಳಿದವರಿಗೆಲ್ಲ ನಾನು ನಿಜವನ್ನೇ ಹೇಳುತ್ತೇನೆ. ಒಂದು ಹೊಳೆ, ಒಂದು ಚರಂಡಿ, ಒಂದು ಮೈಕ್ರೋಸ್ಕೋಪು. ಕೇಳಿದವರ ಮುಖ ಸಪ್ಪಗಾಗುತ್ತದೆ. ಸಿಂಹದ ಬಾಯಿಂದ ನೀರು ಬೀಳುವ ಪ್ರತಿಮೆಯ ಮುಂದೆ ನಿಂತ ಫೋಟೊ ಒಂದಾದರೂ ಇರಬೇಕಲ್ಲ ಎನ್ನುತ್ತಾರೆ. ಇಲ್ಲ. ನಾನು ಹೋದದ್ದು ಪರೀಕ್ಷೆಗೆ. ನಲವತ್ತರ ಹತ್ತಿರ ಬಂದ ಹೆಂಗಸು ಹಾಲ್ ಟಿಕೆಟ್ ಹಿಡಿದುಕೊಂಡು ಪರದೇಶಕ್ಕೆ ಹೋದರೆ ಅವಳ ಕಣ್ಣಿಗೆ ಪ್ರತಿಮೆ ಬೀಳುವುದಿಲ್ಲ.

ನಾನು ಜೀವಶಾಸ್ತ್ರಜ್ಞೆ. ಧಾರವಾಡದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ. ಕೆರೆ, ಕಾಲುವೆ, ಬಾವಿಗಳ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಯಾವುದಿದೆ, ಎಷ್ಟಿದೆ ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತೇನೆ. ಎಣಿಸುವವಳು ನಾನು, ವರದಿ ಬರೆಯುವವಳು ನಾನು. ಕೊನೆಯ ಪುಟದಲ್ಲಿ ಸಹಿ ಮಾತ್ರ ನಮ್ಮ ಮಾಲೀಕರಾದ ಪಾಟೀಲ ಸರ್ ಅವರದು, ಏಕೆಂದರೆ ವೃತ್ತಿ ಮಾನ್ಯತೆ ಇದ್ದದ್ದು ಅವರಿಗೆ. ಅದರ ಅವಧಿ ಮುಗಿದಾಗ, ಇನ್ನು ಈ ವಯಸ್ಸಿನಲ್ಲಿ ಯಾರು ಓಡಾಡುತ್ತಾರೆ ಎಂದು ಅವರು ಸುಮ್ಮನಾದರು.

ಅದೇ ಹೊತ್ತಿಗೆ ನನ್ನ ತವರೂರಿನ ಕುಡಿಯುವ ನೀರಿನ ಕೆರೆ ಹಸಿರಾಯಿತು. ನೀರು ತರಿಸಿ ನೋಡಿದೆ. ವಿಷ ಬಿಡುವ ಜಾತಿಯ ಪಾಚಿ ತುಂಬಿತ್ತು. ವರದಿ ಬರೆದು ಪುರಸಭೆಗೆ ಕಳಿಸಿದೆವು. ಮಾನ್ಯತೆ ಪಡೆದ ಜೀವಶಾಸ್ತ್ರಜ್ಞರ ಸಹಿ ಇಲ್ಲದ ಕಾರಣ ಪರಿಗಣಿಸಲಾಗದು ಎಂಬ ಒಂದು ಸಾಲಿನೊಂದಿಗೆ ಅದು ವಾಪಸು ಬಂತು. ನನ್ನ ತಂಗಿ ಆ ಊರಿನಲ್ಲೇ ಇದ್ದಾಳೆ. ಅವಳು ಕ್ಯಾನ್ ನೀರು ತರಿಸಿಕೊಳ್ಳುತ್ತಾಳೆ. ಅವಳ ಮನೆಯ ಹಿಂದಿನ ಓಣಿಯವರು ನಲ್ಲಿಯಲ್ಲಿ ಬಂದದ್ದನ್ನೇ ಕುಡಿಯುತ್ತಾರೆ. ಪ್ರತಿ ಸಲ ಫೋನ್ ಮಾಡಿದಾಗಲೂ ಅವಳು ಕೇಳುವುದು ಒಂದೇ: "ಅಕ್ಕಾ, ನಿನ್ನ ಸಹಿ ಯಾವಾಗ ನಡೀತೈತಿ?"

ಹಾಗಾಗಿ ಅರ್ಜಿ ಹಾಕಿದೆ. ಮಾನ್ಯತೆ ಕೊಡುವ ಸಂಸ್ಥೆಯವರು ನಮ್ಮ ಭಾಗದ ದೇಶಗಳವರಿಗೆ ಪ್ರಾಯೋಗಿಕ ಪರೀಕ್ಷೆ, ಸಂದರ್ಶನ ಎರಡನ್ನೂ ಸಿಂಗಾಪುರದಲ್ಲಿ ನಡೆಸುತ್ತಾರೆ. ಪಾಸಾದರೆ ನನ್ನ ಸಹಿಗೆ ಬೆಲೆ. ಇಲ್ಲವಾದರೆ ಕೆರೆಯ ವರದಿ ನನ್ನ ಚೀಲದಲ್ಲೇ.

ಬುಕಿತ್ ಬಾಟೋಕ್

ಉಳಿದುಕೊಂಡದ್ದು ಈ ಬಡಾವಣೆಯಲ್ಲಿರುವ ಮಂಗಲಾ ಆಂಟಿಯ ಮನೆಯಲ್ಲಿ. ನನ್ನ ಗೆಳತಿಯ ಸೋದರತ್ತೆ, ಮೂಲ ಗದಗಿನವರು. ಮಗಳು ಅನುಷಾ ಹುಟ್ಟುವ ಮೊದಲೇ ಗಂಡನ ನೌಕರಿಗೆಂದು ಇಲ್ಲಿಗೆ ಬಂದವರು. ಅಂಕಲ್ ಕಂಪನಿ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದರು. ಆಂಟಿ ಫೋನಿನಲ್ಲಿ ಇಲ್ಲಿನ ಗೆಳತಿಯರ ಜೊತೆ "ಅವ್ರು ಕಾಂಡೋಗೆ ಶಿಫ್ಟ್ ಆದ್ರು, ನಾವು ಇಲ್ಲೇ ಕಂಟಿನ್ಯೂ ಆಗ್ತಿದೀವಿ" ಎಂದು ಬೆಂಗಳೂರಿನ ಧಾಟಿಯಲ್ಲಿ ಮಾತಾಡುತ್ತಿದ್ದರು. ಫೋನ್ ಇಟ್ಟು ನನ್ನ ಕಡೆ ತಿರುಗಿದ ಕೂಡಲೇ ಗದಗ ಬಂದುಬಿಡುತ್ತಿತ್ತು.

ಚೀಲ ಬಿಚ್ಚಿದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಠದಿಂದ ತಂದ ವಿಭೂತಿ ಗಟ್ಟಿ. ಆಂಟಿ ಉಳಿದದ್ದನ್ನೆಲ್ಲ ಬದಿಗೆ ಸರಿಸಿ ವಿಭೂತಿ ಗಟ್ಟಿಯನ್ನು ಎತ್ತಿಕೊಂಡು ಮೂಸಿದರು.

"ಇದು ಖರೇ ವಿಭೂತಿ ಏನ ಶೈಲಾ? ಇಲ್ಲಿ ಅಂಗಡ್ಯಾಗ ಸಿಗೂದು ಬರೇ ಸುಣ್ಣದ ಪುಡಿ ಇದ್ದಂಗ ಇರ್ತದ."

"ಆಕಳ ಕುಳ್ಳು ಸುಟ್ಟು ಮಾಡಿದ್ದು ಅಂತ ಮಠದಾಗ ಅಂದ್ರು ಆಂಟಿ. ನಾ ಏನು ನಿಂತು ನೋಡಿಲ್ರಿ."

ನನಗೆ ಅಂಥ ಭಕ್ತಿಯೇನೂ ಇಲ್ಲ. ಬರಿಗೈಯಲ್ಲಿ ಹೋಗಬಾರದು ಎಂದು ಅವ್ವ ಹೇಳಿದ್ದನ್ನು ತಂದಿದ್ದೆ ಅಷ್ಟೆ. ನನ್ನ ತಲೆಯಲ್ಲಿ ಪರೀಕ್ಷೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಲಿಫ್ಟಿನಲ್ಲಿ ಇಳಿದು ಕಟ್ಟಡದ ಕೆಳಗೆ ಓಡಾಟಕ್ಕೆಂದು ಖಾಲಿ ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಒಂದು ಸುತ್ತು ಹಾಕುವುದು, ಮತ್ತೆ ಮೇಲೆ ಬರುವುದು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಚದುರಂಗ ಆಡುತ್ತಿದ್ದ ಮುದುಕರು ಎರಡನೆಯ ದಿನಕ್ಕೆ ನನಗೆ ತಲೆಯಾಡಿಸತೊಡಗಿದರು.

ಕೈ ಸುಮ್ಮನಿರಬಾರದು ಎಂದು ಆಂಟಿಯ ಹೂಕುಂಡದ ಮಣ್ಣಿನ ಮೇಲಿದ್ದ ಹಸಿರು ಪದರವನ್ನು ಸ್ವಲ್ಪ ಕೆರೆದು, ಗಾಜಿನ ಲೋಟದ ನೀರಿಗೆ ಹಾಕಿ ಕಿಟಕಿಯಲ್ಲಿಟ್ಟೆ. ನನ್ನ ಹತ್ತಿರ ಒಂದು ಪುಟ್ಟ ಮಸೂರ ಯಾವಾಗಲೂ ಇರುತ್ತದೆ. ಬೆಳೆದದ್ದನ್ನು ಅದರಲ್ಲಿ ನೋಡುತ್ತ ರೂಢಿ ಮಾಡಿಕೊಳ್ಳೋಣ ಎಂದಿತ್ತು. ಮರುದಿನ ಬೆಳಿಗ್ಗೆ ಲೋಟ ಫಳಫಳ ಹೊಳೆಯುತ್ತ ಬೋರಲು ಬಿದ್ದಿತ್ತು.

"ಅಯ್ಯ, ನೀರು ನಿಂದ್ರಿಸಬ್ಯಾಡ ತಂಗಿ!" ಆಂಟಿ ಗಾಬರಿಯಿಂದಲೇ ಹೇಳಿದರು. "ನೀರು ನಿಂತ್ರ ಸೊಳ್ಳಿ, ಸೊಳ್ಳಿ ಆದ್ರ ಫೈನ್. ಮನಿ ಒಳಗ ಬಂದು ಟಾರ್ಚ್ ಬಿಟ್ಟು ನೋಡ್ತಾರ ಇಲ್ಲಿ."

"ಅಮ್ಮಾ, ಅದು ಆಂಟಿ ಹೋಮ್‌ವರ್ಕ್ ಲಾ!" ಅನುಷಾ ಕೋಣೆಯಿಂದಲೇ ಕೂಗಿದಳು. ಕಾಲೇಜಿನ ಕೊನೆಯ ವರ್ಷದ ಹುಡುಗಿ. "ನೀನು ಎಕ್ಸ್‌ಪೆರಿಮೆಂಟನ್ನೇ ವಾಶ್ ಮಾಡ್ಬಿಟ್ಯಾ?"

ನನಗೆ ನಗು ಬಂತು, ಸಂಕಟವೂ ಆಯಿತು. ನಮ್ಮ ಕಡೆ ಮನೆಯಲ್ಲಿ ನೀರು ನಿಂತಿದೆ ಎಂದರೆ ಅದೇ ಸಿರಿವಂತಿಕೆ. ಹಂಡೆ, ಕೊಡ, ಡ್ರಮ್ಮು, ಕೊನೆಗೆ ಚೊಂಬು ಕೂಡ ತುಂಬಿಸಿ ಇಟ್ಟುಕೊಂಡೇ ನಿದ್ದೆ ಹೋಗುವ ಜನ ನಾವು. ಇಲ್ಲಿ ಹೂದಾನಿಯಲ್ಲಿ ಗುಟುಕು ನೀರು ಉಳಿದರೂ ಆಂಟಿಗೆ ಜೀವ ಹಾರುತ್ತದೆ. ಬಾಯಾರಿದರೆ ನಲ್ಲಿ ತಿರುಗಿಸಿ ಹಾಗೇ ಕುಡಿಯುತ್ತಾರೆ. ನಾನು ಮೊದಲ ದಿನ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ತಂಗಿಯ ಮನೆಯ ಹಿಂದಿನ ಓಣಿ ನೆನಪಾಗಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

ಹೌಗಾಂಗ್

ನಮ್ಮ ಕಡೆ ಯಾರಾದರೂ ಪರದೇಶಕ್ಕೆ ಹೊರಟರೆ ಸಾಕು, ಅವರ ಚೀಲದಲ್ಲಿ ಊರಿಗೆಲ್ಲ ಪಾಲಿರುತ್ತದೆ. ಧಾರವಾಡದ ನಮ್ಮ ಪಕ್ಕದ ಮನೆಯವರ ಮಗ ಸಿಂಗಾಪುರದ ಇನ್ನೊಂದು ಬದಿಯ ಹೌಗಾಂಗ್‌ನಲ್ಲಿದ್ದಾನೆ. ಅವನಿಗೆಂದು ಕೊಟ್ಟ ಫೇಡೆಯ ಡಬ್ಬಿ ನನ್ನ ತಲೆಯ ಮೇಲಿತ್ತು. ಪರೀಕ್ಷೆಯ ಹಿಂದಿನ ದಿನ ಎಂಆರ್‌ಟಿ ರೈಲು ಹತ್ತಿ ಅದನ್ನು ಮುಟ್ಟಿಸಿ ಬಂದೆ. ಅಂದರೆ ಮುಟ್ಟಿಸಿದ್ದು ಬೇಗ, ಬಂದದ್ದು ತಡ.

ತಡವಾದದ್ದಕ್ಕೆ ಕಾರಣ ಒಂದು ಚರಂಡಿ. ಈ ಊರಿನ ಮಳೆನೀರಿನ ಚರಂಡಿಗಳು ನಮ್ಮ ಕೆಲವು ಕಾಲುವೆಗಳಿಗಿಂತ ಚೆನ್ನಾಗಿವೆ. ಕಾಂಕ್ರೀಟಿನ ಅಂಚು, ತಳದಲ್ಲಿ ತೆಳ್ಳಗೆ ಹರಿಯುವ ನೀರು, ಅದರಲ್ಲಿ ಬಳುಕುವ ಹಸಿರು ಎಳೆಗಳು. ಅದು ಯಾವ ಪಾಚಿ ಎಂದು ತಿಳಿಯದೆ ಮುಂದೆ ಹೋಗಲು ನನ್ನಿಂದಾಗಲಿಲ್ಲ. ನಾಳೆ ಇದನ್ನೇ ಕೇಳಿಬಿಟ್ಟರೆ? ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮಸೂರ ತೆಗೆದು ಬಗ್ಗಿದೆ.

"ಹ್ಯಾಂಡ್‌ಫೋನ್ ಡ್ರಾಪ್, ಆ?"

ತಲೆ ಎತ್ತಿದರೆ ಬನಿಯನ್ನು, ಅರ್ಧ ಚಡ್ಡಿ ಹಾಕಿದ ಒಬ್ಬ ಚೀನೀ ಅಜ್ಜ. ಇಲ್ಲ ಅಂಕಲ್, ನೀರು ನೋಡುತ್ತಿದ್ದೇನೆ ಅಷ್ಟೆ ಎಂದೆ. ಅವರು ನಂಬಲಿಲ್ಲ. ಹೆಂಗಸು ಸುಮ್ಮನೆ ಚರಂಡಿಯ ನೀರು ನೋಡುತ್ತಾಳೆಯೇ? ಫೋನ್ ಕಳೆದುಕೊಂಡು ನಾಚಿಕೆಯಿಂದ ಹೇಳುತ್ತಿಲ್ಲ ಎಂದು ಅವರೇ ತೀರ್ಮಾನಿಸಿ, ಎದುರಿನ ಅಂಗಡಿಯತ್ತ ಏನೋ ಕೂಗಿದರು. ಒಬ್ಬಾಕೆ ಮೀನು ಹಿಡಿಯುವ ಸಣ್ಣ ಬಲೆ ತಂದಳು. ಇನ್ನೊಬ್ಬರು ಉದ್ದ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಬಂದರು. ಇಂಥದ್ದೊಂದು ವಸ್ತುವನ್ನು ಅವರು ಕೈಗೆಟುಕುವ ಹಾಗೆ ಇಟ್ಟುಕೊಂಡಿರುತ್ತಾರೆ ಎಂದರೆ ಆ ಚರಂಡಿಗೆ ಎಷ್ಟು ಫೋನು ಬಿದ್ದಿರಬೇಕು! ನಮ್ಮಲ್ಲಾದರೂ ಜನ ಸೇರುತ್ತಿದ್ದರು, ಆದರೆ ಸಲಹೆ ಕೊಡುತ್ತಿದ್ದರು. ಇವರು ಸಲಕರಣೆ ತಂದರು.

ನಾನು ಚೀಲದಿಂದ ಫೋನ್ ತೆಗೆದು ತೋರಿಸಿದೆ. "ಅಯ್ಯೋ, ಟೂ ಫೋನ್!" ಎಂದು ಅಜ್ಜ ಇನ್ನಷ್ಟು ಮರುಗಿದರು. ಆಮೇಲೆ ಬಲೆಯಲ್ಲಿ ಮಗುವಿನ ಒಂದು ಚಪ್ಪಲಿ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ನನ್ನದಲ್ಲ ಎಂದು ಕೈಮುಗಿದೆ. ಅಷ್ಟು ಹೊತ್ತಿನಲ್ಲಿ ಕೋಲಿಗೆ ಸಿಕ್ಕಿಕೊಂಡು ಹಸಿರು ಎಳೆಗಳೂ ಮೇಲೆ ಬಂದಿದ್ದವು. ಅವನ್ನು ಬೆರಳಿಗೆ ಸುತ್ತಿಕೊಂಡು ಮಸೂರದಲ್ಲಿ ನೋಡಿ, ಗುರುತು ಸಿಕ್ಕಿ, ನಾನು ಒಬ್ಬಳೇ ನಕ್ಕೆ. ಅಜ್ಜ ಬಲೆ ತಂದಾಕೆಯ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನನ್ನನ್ನು ಎಂಆರ್‌ಟಿ ಮೆಟ್ಟಿಲಿನವರೆಗೆ ಬಿಟ್ಟು ಹೋದರು. ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಪಾಪ.

ಬಿಶಾನ್

ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಆಂಟಿ ಅಂಗೈಯಲ್ಲಿ ವಿಭೂತಿ ತೇಯ್ದುಕೊಂಡು ಬಂದೇಬಿಟ್ಟರು.

"ಛಲೋ ಕೆಲಸಕ್ಕ ಹೊಂಟೀ. ಬರೇ ಹಣಿಲೆ ಹೋಗಬಾರ್ದು."

ಬೇಡ ಎನ್ನುವ ಮೊದಲೇ ಮೂರು ಬೆರಳು ಹಣೆಯ ಈ ಕಡೆಯಿಂದ ಆ ಕಡೆಗೆ ಎಳೆದಿದ್ದವು. ಕನ್ನಡಿಯಲ್ಲಿ ನೋಡಿಕೊಂಡೆ. ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗಿತ್ತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಹಿತವೇ ಆಯಿತು. ಅವ್ವ ಇಲ್ಲಿದ್ದಿದ್ದರೆ ಇದನ್ನೇ ಮಾಡುತ್ತಿದ್ದಳು.

ಪರೀಕ್ಷೆಯ ಮೊದಲ ಭಾಗ ಬಿಶಾನ್‌ನ ಪಾರ್ಕಿನಲ್ಲಿ. ಅಲ್ಲಿ ಒಂದು ಹೊಳೆ ಹರಿಯುತ್ತದೆ. ದಡದಲ್ಲಿ ಎದೆಯೆತ್ತರದ ಹುಲ್ಲು, ಪಕ್ಕದಲ್ಲಿ ಓಡುವವರು, ನಾಯಿ ಹಿಡಿದವರು, ತಾಯ್ ಚಿ ಮಾಡುವ ಅಜ್ಜಿಯರು. ಅಭ್ಯರ್ಥಿಗಳು ಪದ್ಧತಿ ಪ್ರಕಾರ ನೀರು ಸಂಗ್ರಹಿಸಬೇಕು, ಪರೀಕ್ಷಕರು ಪಕ್ಕದಲ್ಲಿ ನಿಂತು ನೋಡುತ್ತಾರೆ. ನನ್ನ ಪಾಲಿಗೆ ಬಂದವರು ಇಬ್ಬರು. ಡಾಕ್ಟರ್ ಓಂಗ್ ಎಂಬ ಗಿಡ್ಡ ಬಿಳಿಕೂದಲಿನ ಹೆಂಗಸು, ಮಾತಿಗೊಮ್ಮೆ ನಗುವವರು. ಡಾಕ್ಟರ್ ಮಣಿಯಂ ಎಂಬ ಇಲ್ಲೇ ಹುಟ್ಟಿ ಬೆಳೆದ ತಮಿಳರು, ನಗುವೇ ಇಲ್ಲದವರು. ಅವರು ನನ್ನ ಹಣೆ ನೋಡಿದರು.

ಬಾಟಲಿ ನೀರಿಗೆ ಇಳಿಸಬೇಕು, ಆಗಲೇ ನೀರುನಾಯಿಗಳ ಒಂದು ಕುಟುಂಬ ಎಲ್ಲಿಂದಲೋ ಬಂದು ನನ್ನ ಮುಂದೆಯೇ ಉರುಳಾಡತೊಡಗಿತು. ಓಡುತ್ತಿದ್ದವರು ನಿಂತರು. ಅಜ್ಜಿಯರು ನಿಂತರು. ಎಲ್ಲರ ಕೈಯಲ್ಲೂ ಫೋನು. ಡಾಕ್ಟರ್ ಓಂಗ್ ಕೂಡ ಫೋನ್ ತೆಗೆದರು. ನನಗೆ ಮಾತ್ರ ಅಳು ಬರುವುದೊಂದು ಬಾಕಿ, ಏಕೆಂದರೆ ಅವು ತಳದ ಕೆಸರನ್ನೆಲ್ಲ ಎಬ್ಬಿಸಿ ನೀರನ್ನು ಚಹಾ ಮಾಡಿದ್ದವು. ಕೆಸರು ಇಳಿಯುವ ತನಕ ಕಾಯಬೇಕು. ಕಾಯುವುದು ನನಗೆ ಬರದ ವಿದ್ಯೆ. ಬಿಸಿಲೇರಿತು. ಬೆವರು ಹಣೆಯಿಂದ ಹುಬ್ಬಿಗೆ ಇಳಿಯುತ್ತಿತ್ತು, ನಾನು ಮುಂಗೈಯಿಂದ ಒತ್ತಿಕೊಳ್ಳುತ್ತಿದ್ದೆ. ಡಾಕ್ಟರ್ ಮಣಿಯಂ ಹೊಳೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನೀರು ತಿಳಿಯಾದ ಮೇಲೆ ಬಾಟಲಿ ತುಂಬಿಸಿ, ಮುಚ್ಚಿ, ಚೀಟಿ ಅಂಟಿಸಿದೆ. ಅವರು ಅದರಲ್ಲಿ ಅರ್ಧ ನೀರನ್ನು ಬೇರೆ ಬಾಟಲಿಗೆ ಹಾಕಿಕೊಂಡು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಅದು ಅವರ ನಿಯಮ ಇರಬೇಕು ಎಂದುಕೊಂಡೆ.

ತಣ್ಣನೆಯ ಕೋಣೆ

ಎರಡನೆಯ ಭಾಗ ಪ್ರಯೋಗಾಲಯದಲ್ಲಿ. ಹೊರಗೆ ಉಗಿಯಂಥ ಸೆಕೆ, ಒಳಗೆ ಏಸಿ ಎಷ್ಟು ಜೋರೆಂದರೆ ಅಲ್ಲಿನವರೆಲ್ಲ ಸ್ವೆಟರ್ ಹಾಕಿ ಕೂತಿದ್ದರು. ಸೆಕೆಯ ದೇಶದಲ್ಲಿ ಸ್ವೆಟರ್ ಮಾರುವ ಅಂಗಡಿಗಳು ಯಾಕಿವೆ ಎಂದು ಅಂದು ತಿಳಿಯಿತು.

ಹೊಳೆಯ ನೀರಿನ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಮುಚ್ಚುಗಾಜು ಇಟ್ಟು, ಕಂಡ ಪಾಚಿಗಳನ್ನೆಲ್ಲ ಗುರುತಿಸಿ ಎಣಿಸಬೇಕು. ನನ್ನ ನಿತ್ಯದ ಕೆಲಸ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಮೇಲೆ ಮೊದಲ ಬಾರಿಗೆ ಮನಸ್ಸು ತಹಬಂದಿಗೆ ಬಂತು. ದೋಣಿಯಾಕಾರದವು, ಸೂಜಿಯಂಥವು, ಹಸಿರು ಮಣಿಸರದಂಥವು. ಒಂದೊಂದಕ್ಕೂ ಗುರುತು ಹಾಕುತ್ತ ಹೋದೆ.

ಆಮೇಲೆ ಡಮರುವಿನಂಥದ್ದು ಬಂತು. ಎರಡು ಬದಿ ಉಬ್ಬಿ ನಡುವೆ ಸಣ್ಣಗಾದ ಗಾಜಿನ ಕಣ. ಅದು ಪಾಚಿಯಲ್ಲ, ನನಗೆ ಗೊತ್ತಿತ್ತು. ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಹೀರಿದ್ದನ್ನು ಎಲೆಯೊಳಗೆ ಇಂಥ ಗಾಜಿನ ಕಣ ಮಾಡಿಟ್ಟುಕೊಳ್ಳುತ್ತವೆ. ಎಲೆ ಕೊಳೆತರೂ ಕಣ ಉಳಿಯುತ್ತದೆ. ದಡದಲ್ಲಿ ಅಷ್ಟೊಂದು ಹುಲ್ಲಿತ್ತಲ್ಲ, ಅಲ್ಲಿಂದ ಬಂದಿರಬೇಕು ಎಂದು ಬರೆದುಕೊಂಡೆ. ಇನ್ನೊಂದು ಬಂತು. ಮತ್ತೆ ನಾಲ್ಕೈದು ಒಟ್ಟಿಗೆ ಬಂದವು. ಅವುಗಳ ಜೊತೆ ಕಪ್ಪು ಚೂರುಗಳು ಅಂಟಿದ್ದವು. ಕಣಗಳ ಒಳಗೂ ಕಪ್ಪು.

ಇದ್ದಿಲು. ಅಂದರೆ ಸುಟ್ಟ ಹುಲ್ಲು.

ಈ ಊರಿನಲ್ಲಿ ಹುಲ್ಲು ಸುಡುವವರು ಯಾರು? ಇಲ್ಲಿ ಬೀಡಿ ಸೇದಲೂ ಜಾಗ ಹುಡುಕಬೇಕು. ಯೋಚಿಸುವಾಗ ಹಣೆ ಉಜ್ಜಿಕೊಳ್ಳುವುದು ನನ್ನ ಚಟ. ಉಜ್ಜಿಕೊಂಡೆ. ಮೈಕ್ರೋಸ್ಕೋಪಿನ ಪಕ್ಕ, ಕರಿಯ ಮೇಜಿನ ಮೇಲೆ ಬಿಳಿ ಪುಡಿ ಉದುರಿತು. ಬೆರಳು ನೋಡಿಕೊಂಡೆ. ಅದೂ ಬಿಳಿ.

ಹೊರಗೆ ಬೆವರಿನಲ್ಲಿ ನೆಂದಿದ್ದ ವಿಭೂತಿ ಒಳಗೆ ತಣ್ಣಗೆ ಒಣಗಿ ಉದುರುತ್ತಿತ್ತು. ಹನಿ ಹಾಕುವಾಗ ತೆರೆದ ಬಾಟಲಿಯ ಮೇಲೇ ಬಗ್ಗಿದ್ದೆ, ಹಣೆ ಮುಟ್ಟಿದ ಕೈಯಿಂದಲೇ ಗಾಜು ಎತ್ತಿದ್ದೆ. ನಮ್ಮ ಕಡೆಯ ಆಕಳು ತಿನ್ನುವುದು ಜೋಳದ ಕಣಕಿ. ಜೋಳವೂ ಹುಲ್ಲಿನ ಜಾತಿಯೇ. ಕಣಕಿ ಆಕಳ ಹೊಟ್ಟೆಗೆ, ಹೊಟ್ಟೆಯಿಂದ ಕುಳ್ಳಿಗೆ, ಕುಳ್ಳಿನಿಂದ ಬೂದಿಗೆ, ಬೂದಿಯಿಂದ ನನ್ನ ಹಣೆಗೆ, ಹಣೆಯಿಂದ ಬಿಶಾನ್‌ನ ಹೊಳೆಗೆ. ಆಂಟಿಯ ಪ್ರಶ್ನೆಗೆ ಉತ್ತರವಂತೂ ಸಿಕ್ಕಿತು. ಮಠದವರು ಸುಳ್ಳು ಹೇಳಿರಲಿಲ್ಲ, ಖರೇ ವಿಭೂತಿ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ದಡದ ಹುಲ್ಲಿನ ಕಣಗಳು" ಎಂದು ಆಗಲೇ ಬರೆದಾಗಿತ್ತು. ಅದನ್ನು ಓದಿದವರು ತಲೆದೂಗಿ ಮುಂದೆ ಹೋಗುತ್ತಿದ್ದರು. ನನಗೆ ತಂಗಿ ನೆನಪಾದಳು, ಹಿಂದಿನ ಓಣಿ ನೆನಪಾಯಿತು, ಈ ಪ್ರಯಾಣಕ್ಕೆ ಕೊಟ್ಟ ರಜೆಗಾಗಿ ಪಾಟೀಲ ಸರ್ ಗೊಣಗಿದ್ದು ನೆನಪಾಯಿತು. ಒಂದು ಸಾಲು ಹಾಗೇ ಬಿಟ್ಟರೆ ಅಷ್ಟು ಜನರ ಕೆಲಸ ಆಗುತ್ತದೆ. ಆದರೆ ಕೆರೆಯ ನೀರಿನಲ್ಲಿ ಇದ್ದದ್ದನ್ನು ಇದೆ ಎಂದು ಒಪ್ಪಿಸಲು ಹೊರಟ ನನಗೆ ಇಲ್ಲಿ ಇಲ್ಲದ್ದನ್ನು ಇದೆ ಎಂದು ಬರೆದು ಹೋಗುವುದು ಸಾಧ್ಯವಾಗಲಿಲ್ಲ. ಕೈ ಎತ್ತಿದೆ.

ಇಬ್ಬರೂ ಬಂದರು. ನನ್ನ ನೀರು ಕೆಟ್ಟಿದೆ, ಕೆಡಿಸಿದವಳು ನಾನೇ ಎಂದೆ. ವಿಭೂತಿ ಎಂದರೇನು ಎಂದು ಡಾಕ್ಟರ್ ಓಂಗ್ ಅವರಿಗೆ ವಿವರಿಸಲು ಶುರುಮಾಡಿದೆ, ತಡವರಿಸಿದೆ.

"ನಮ್ಮಮ್ಮ ನನಗೂ ಹಚ್ಚುತ್ತಿದ್ದರು," ಎಂದರು ಡಾಕ್ಟರ್ ಮಣಿಯಂ ಇಂಗ್ಲಿಷಿನಲ್ಲಿ. "ಆದರೆ ಈ ಕಣಗಳು ನಿಮ್ಮ ಹಣೆಯಿಂದಲೇ ಬಂದವು, ಹೊಳೆಯಿಂದಲ್ಲ ಎಂದು ಹೇಗೆ ಹೇಳುತ್ತೀರಿ?"

ಹೊಸ ಗಾಜಿನ ಪಟ್ಟಿ ತೆಗೆದುಕೊಂಡು, ಶುದ್ಧ ನೀರಿನ ಹನಿ ಹಾಕಿ, ಹಣೆಯನ್ನು ಒಮ್ಮೆ ಕೆರೆದೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಡಮರುಗಳ ರಾಶಿಯೇ ಇತ್ತು. ಡಾಕ್ಟರ್ ಓಂಗ್ ಬಗ್ಗಿ ನೋಡಿ, ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. "ಇದೆಲ್ಲ ಒಂದು ಆಕಳಿನಿಂದಾ?" ಎಂದು ಮಗುವಿನ ಹಾಗೆ ಕೇಳಿದರು. ಪಕ್ಕದ ಮೇಜಿನ ಪರೀಕ್ಷಕರೂ ಬಂದು ಸಾಲು ನಿಂತರು. ನಮ್ಮ ಊರಿನ ಜೋಳದ ಹೊಲವನ್ನು ಇಷ್ಟು ಜನ ಒಟ್ಟಿಗೆ ಇಷ್ಟು ಭಕ್ತಿಯಿಂದ ನೋಡಿದ್ದು ಅದೇ ಮೊದಲಿರಬೇಕು.

ಡಾಕ್ಟರ್ ಮಣಿಯಂ ಮಾತ್ರ ಕರಗಲಿಲ್ಲ. "ಚೆನ್ನಾಗಿ ಪತ್ತೆ ಮಾಡಿದಿರಿ. ಆದರೂ ನೀರು ಕೆಟ್ಟದ್ದು ಕೆಟ್ಟದ್ದೇ. ಬೇರೆ ನೀರು ಇಲ್ಲವೆಂದೇ ಇಟ್ಟುಕೊಳ್ಳಿ. ವರದಿಯಲ್ಲಿ ಏನು ಬರೆಯುತ್ತೀರಿ?"

ಬರೆದೆ. ಪರೀಕ್ಷಿಸಿದವರ ಕಡೆಯಿಂದಲೇ ಮಾದರಿ ಕಲುಷಿತವಾಗಿದೆ, ಈ ಎಣಿಕೆಯನ್ನು ಬಳಸಬಾರದು. ಬರೆದು ಹಾಳೆಯನ್ನು ಅವರ ಕಡೆ ತಳ್ಳಿದೆ. ಡಾಕ್ಟರ್ ಓಂಗ್ ಅದನ್ನು ತಿರುಗಿಸಿ ವಾಪಸು ನನ್ನ ಕಡೆಗೇ ತಳ್ಳಿದರು.

"ಇದರ ಕೆಳಗೆ ಯಾರ ಸಹಿ ಬರಬೇಕು?"

ನೋಡಿದೆ. ಕೆಳಗಿನ ಗೆರೆಯನ್ನು ಖಾಲಿ ಬಿಟ್ಟಿದ್ದೆ. ಇಷ್ಟು ವರ್ಷ ಬರೆದು, ಗೆರೆ ಖಾಲಿ ಬಿಟ್ಟು, ಪಾಟೀಲ ಸರ್ ಮೇಜಿನ ಮೇಲೆ ಇಟ್ಟು ಬರುವುದೇ ರೂಢಿಯಾಗಿತ್ತು. ಕೈ ತಾನಾಗಿಯೇ ಹಾಗೆ ಮಾಡಿತ್ತು. ಪೆನ್ನು ಮತ್ತೆ ತೆರೆದು ನನ್ನ ಹೆಸರು ಬರೆದೆ. ನಾನು ಜವಾಬ್ದಾರಿ ಹೊತ್ತು ಸಹಿ ಮಾಡಿದ ಮೊದಲ ವರದಿ, ನನ್ನ ಕೆಲಸ ನಿಷ್ಪ್ರಯೋಜಕ ಎಂದು ಹೇಳುವ ವರದಿಯಾಯಿತು. ಬಹಳ ನೋವಾಯಿತು.

ಸಹಿ ಆದ ಮೇಲೆ ಡಾಕ್ಟರ್ ಮಣಿಯಂ ತಮ್ಮ ಪೆಟ್ಟಿಗೆಯತ್ತ ಕೈ ತೋರಿದರು. ಹೊಳೆಯಲ್ಲಿ ತೆಗೆದಿಟ್ಟ ಅರ್ಧ ನೀರು ಅಲ್ಲಿತ್ತು. ನಾಳೆ ಸಂದರ್ಶನಕ್ಕೆ ಮೊದಲು ಬಂದು ಅದನ್ನು ಎಣಿಸಬಹುದು, ಆದರೆ ಇಂದಿನ ಹಾಳೆಯೂ ಕಡತದಲ್ಲೇ ಇರುತ್ತದೆ ಎಂದರು. "ಮುಖ ತೊಳೆದುಕೊಂಡು ಬನ್ನಿ," ಎಂದು ಸೇರಿಸಿದರು. ತಮಾಷೆಯೋ ಅಲ್ಲವೋ ಅವರ ಮುಖ ನೋಡಿ ಹೇಳುವಂತಿರಲಿಲ್ಲ.

ಮತ್ತೆ ಬುಕಿತ್ ಬಾಟೋಕ್

ಆಂಟಿ ಬಾಗಿಲಲ್ಲೇ ಕಾಯುತ್ತಿದ್ದರು. "ಹೆಂಗಾತು?"

"ಛಲೋ ಆತ್ರಿ ಆಂಟಿ," ಎಂದೆ. ಪರೀಕ್ಷಕರ ಮುಂದೆ ಹೊರಡದ ಸುಳ್ಳು ಆಂಟಿಯ ಮುಂದೆ ಸಲೀಸಾಗಿ ಹೊರಟಿತು. ನಿಮ್ಮ ವಿಭೂತಿಯೇ ಹೀಗೆ ಮಾಡಿತು ಎಂದು ಅವರಿಗೆ ಹೇಗೆ ಹೇಳಲಿ?

ಅನುಷಾಳ ಹತ್ತಿರ ಮಾತ್ರ ಮುಚ್ಚಿಡಲಾಗಲಿಲ್ಲ. ತಿಂಡಿ ಅಂಗಡಿಗಳೆಲ್ಲ ಒಂದೆಡೆ ಸೇರಿದ ಹಾಕರ್ ಸೆಂಟರಿನಲ್ಲಿ ಜ್ಯೂಸ್ ಕುಡಿಯುತ್ತ ಎಲ್ಲ ಹೇಳಿದೆ. ಅವಳು ಸ್ಟ್ರಾ ಕಚ್ಚಿಕೊಂಡು ನಗುತ್ತ ನಗುತ್ತ ಕೆಮ್ಮಿದಳು. ಆಮೇಲೆ ಗಂಭೀರಳಾದಳು.

"ಆಂಟಿ, ನೀವು ಹೇಳ್ದೇ ಇದ್ದಿದ್ರೂ ಪಾಸ್ ಆಗ್ತಿದ್ರಿ ಅಲ್ವಾ?"

"ಆಗ್ತಿದ್ದೆ."

"ದೆನ್ ವೈ?"

ಜ್ಯೂಸಿನ ಲೋಟ ತಿರುಗಿಸುತ್ತ ಕೂತೆ. ಮನೆಗೆ ಬರುವಾಗ ಅವಳು, ನಾಳೆ ಅಮ್ಮನನ್ನು ನಾನು ಅಡುಗೆಮನೆಯಲ್ಲೇ ಬ್ಯುಸಿ ಇಡುತ್ತೇನೆ, ನೀವು ಸುಮ್ಮನೆ ಎಸ್ಕೇಪ್ ಆಗಿ ಎಂದಳು. ಹೇಳಿದ ಹಾಗೆಯೇ ಮಾಡಿದಳು.

ಸಂದರ್ಶನ

ಅರ್ಧ ನೀರಿನ ಎಣಿಕೆ ಯಾವ ತಂಟೆಯೂ ಇಲ್ಲದೆ ಮುಗಿಯಿತು. ಡಮರು ಒಂದೂ ಇರಲಿಲ್ಲ. ತಂಟೆ ಶುರುವಾದದ್ದು ಮೇಜಿನ ಮುಂದೆ ಕೂತಾಗ. ಅರ್ಜಿಯ ಜೊತೆ ನನ್ನ ಒಳ್ಳೆಯ ಕೆಲಸದ ಮಾದರಿ ಎಂದು ಕೆರೆಯ ವರದಿಯನ್ನೇ ಲಗತ್ತಿಸಿದ್ದೆ. ಡಾಕ್ಟರ್ ಮಣಿಯಂ ಅದರಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದರು.

"ಪಾಚಿ ಗುರುತಿಸಿದ್ದು ಸರಿಯಾಗಿದೆ. ಈ ನೀರು ತಂದವರು ಯಾರು?"

"ನಮ್ಮ ಪ್ರಯೋಗಾಲಯದ ಡ್ರೈವರ್."

"ಯಾವ ಬಾಟಲಿಯಲ್ಲಿ?"

"ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಗಳಲ್ಲಿ. ತೊಳೆದಿದ್ದೆವು."

"ತೊಳೆದದ್ದನ್ನು ನೀವು ನೋಡಿದಿರಾ? ಕೆರೆಯ ಯಾವ ಮೂಲೆಯಿಂದ ತುಂಬಿದರು, ನೋಡಿದಿರಾ?"

"ಇಲ್ಲ."

ಅವರು ವರದಿಯನ್ನು ಮುಚ್ಚಿದರು. ಡಾಕ್ಟರ್ ಓಂಗ್ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ನಮ್ಮಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆ ನೀರಿನ ಜೊತೆ ನುಂಗಿಕೊಂಡೆ. ಅಲ್ಲಿಂದ ಹೊರಗೆ ಬಂದವಳು ಎಂಆರ್‌ಟಿಯಲ್ಲಿ ಇಳಿಯಬೇಕಾದ ನಿಲ್ದಾಣ ಬಿಟ್ಟು, ಮುಂದೆ ಇಳಿದು ಹಿಂದೆ ಬಂದು, ಮತ್ತೆ ದಾಟಿಹೋದೆ. ಕೆರೆಯಲ್ಲಿ ವಿಷ ಇದೆ ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ. ಆದರೆ ಪುರಸಭೆಯವರು ಇದೇ ಎರಡು ಪ್ರಶ್ನೆ ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ.

ಚಾಂಗಿ

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಚೀಲ ಒಪ್ಪಿಸಿ ಬಂದು ಕೂತಿದ್ದೆ. ಕೂತಿದ್ದೆ ಎಂದರೆ ಎದ್ದು ಓಡಾಡುತ್ತಿದ್ದೆ. ಇಮೇಲ್ ಬಂತು. ಮೊದಲ ಸಾಲು ಓದಿದವಳು ಅಲ್ಲೇ ಒಂದು ಕಂಬಕ್ಕೆ ಒರಗಿ ನಿಂತೆ. ಮಾನ್ಯತೆ ಸಿಕ್ಕಿತ್ತು. ಕಣ್ಣೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನೆಲ ಗುಡಿಸುತ್ತಿದ್ದ ಆಂಟಿಯೊಬ್ಬಳು ಯಾರೋ ಸತ್ತಿದ್ದಾರೆಂದು ತಿಳಿದು ಟಿಶ್ಯೂ ಕೊಟ್ಟು ಹೋದಳು. ಆ ಇಮೇಲನ್ನು ಪಾಟೀಲ ಸರ್ ಅವರಿಗೂ ತಂಗಿಗೂ ಕಳಿಸಿದೆ.

ಪಾಟೀಲ ಸರ್ ಕೂಡಲೇ ಫೋನ್ ಮಾಡಿದರು. ಅವರ ದನಿ ಅಷ್ಟು ಉಕ್ಕಿದ್ದನ್ನು ನಾನು ಕೇಳಿರಲಿಲ್ಲ.

"ಭಾರಿ ಆತು ಶೈಲಜಾ ಮೇಡಂ! ಆ ಕೆರಿ ರಿಪೋರ್ಟ್ ನಿಮ್ಮ ಕಡೆನ ಐತಲ್ಲ? ಈಗಿಂದೀಗ ಸಹಿ ಹಾಕಿ ಫೋಟೊ ಹೊಡದು ಕಳಸ್ರಿ. ನಾಳೆ ಪುರಸಭಾ ಮೀಟಿಂಗ್ ಐತಿ."

ವರದಿ ಕೈಚೀಲದಲ್ಲೇ ಇತ್ತು. ಕುರ್ಚಿಯಲ್ಲಿ ಕೂತು, ಅದನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೊನೆಯ ಪುಟ ತೆರೆದೆ. ಗೆರೆ ಖಾಲಿ ಇತ್ತು. ಪೆನ್ನೂ ಕೈಯಲ್ಲಿತ್ತು. ಈ ಒಂದು ಗಳಿಗೆಗಾಗಿ ಎಷ್ಟು ಚಡಪಡಿಸಿದ್ದೆ.

"ಸರ, ಇದಕ್ಕ ಸಹಿ ಹಾಕೂದಿಲ್ರಿ."

"ಅಂದ್ರ?"

"ನೀರು ತುಂಬಿದ್ದು ನಾ ನೋಡಿಲ್ಲ. ಬಾಟ್ಲಿ ತೊಳದಿದ್ದು ನಾ ನೋಡಿಲ್ಲ. ನಾಳೆ ಅಲ್ಲಿ ಯಾರರ ಎದ್ದು ನಿಂತು ಅದನ್ನ ಕೇಳಿದ್ರ ರಿಪೋರ್ಟ್ ಹರದು ಹೋಗ್ತದ. ಮತ್ತ ಆ ಕೆರಿ ಬಗ್ಗೆ ನಾವು ಏನು ಹೇಳಿದ್ರೂ ಯಾರೂ ಕೇಳಂಗಿಲ್ಲ. ಮೀಟಿಂಗ್ ಮುಂದ ಹಾಕಿಸ್ರಿ. ಅಲ್ಲೀತನಕ ಕೆರಿ ನೀರು ಬಂದ್ ಮಾಡಿ ಟ್ಯಾಂಕರ್ ಬಿಡ್ರಿ ಅಂತ ನಾನ ಪುರಸಭಾ ಎಂಜಿನಿಯರಿಗೆ ಫೋನ್ ಮಾಡ್ತೀನಿ. ಬಂದ ಕೂಡ್ಲೆ ಕೆರಿಗೆ ನಾನ ಹೋಗ್ತೀನಿ."

"ಸಹಿ ಸಹಿ ಅಂತ ತಿಂಗಳಗಟ್ಲೆ ನನ್ನ ತಲಿ ತಿಂದ್ರಿ. ಈಗ ಸಿಕ್ಕೈತಿ, ಈಗ ಹಾಕಂಗಿಲ್ಲ ಅಂತೀರಿ!"

ತಂಗಿಯ ಮೆಸೇಜು ಪರದೆಯ ಮೇಲೆ ಬಂತು. ಹಾಕಿದೆಯಾ ಎಂದು ಕೇಳಿದ್ದಳು. ಆದರೂ ವರದಿಯನ್ನು ಮಡಚಿ ಚೀಲದೊಳಗೆ ಇಟ್ಟೆ. ಆ ಕಡೆ ಪಾಟೀಲ ಸರ್ ಗೊಣಗುವುದು ಕೇಳಿಸಿತು.

"ಎಷ್ಟೊತ್ತಿಗೆ ಇಳೀತೀರಿ?" ಎಂದರು ಕೊನೆಗೆ.

"ನಾಳೆ ಮುಂಜಾನೆ ಹುಬ್ಬಳ್ಳಿಗೆ ಬರ್ತೀನ್ರಿ."

"ಗಾಡಿ ಕಳಸ್ತೀನಿ. ನೆಟ್ಟಗ ಕೆರಿಗೆ ಹೋಗ್ರಿ. ಗಾಜಿನ ಹೊಸಾ ಬಾಟ್ಲಿ ತರಿಸಿ, ತೊಳಿಸಿ ಗಾಡಿಯೊಳಗ ಇಡಿಸಿರ್ತೀನಿ."

"ತರಿಸ್ರಿ ಸರ," ಎಂದೆ. "ತೊಳಿಸಬ್ಯಾಡ್ರಿ. ನಾನ ತೊಳೀತೀನಿ."